ನಾಣ್ಯಪರೀಕ್ಷೆಗೆ ಭೂತಗನ್ನಡಿ, ಕಿಸೆ ತಕ್ಕಡಿಯ ಕಿಟ್: ಎಷ್ಟು ಉಪಯುಕ್ತ?

ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟಿನ ಭೂತಗನ್ನಡಿಯನ್ನೂ ಗ್ರಾಮಿನ ನೂರನೇ ಒಂದು ಭಾಗದವರೆಗೆ ತೂಗುವ ಡಿಜಿಟಲ್ ತಕ್ಕಡಿಯನ್ನೂ ಜೊತೆಗೂಡಿಸಿದ ಕಿಟ್ ಒಂದನ್ನು ಹಳೆಯ ನಾಣ್ಯಗಳ ಪರೀಕ್ಷೆಗೆಂದೇ ಬಳಸುತ್ತಿದ್ದೇನೆ. ನಾಣ್ಯದಲ್ಲಿ ಕಾಣುವ ದೋಷ ಟಂಕಸಾಲೆಯಲ್ಲೇ ಆದದ್ದೋ, ಹೊರಗೆ ಬಂದ ಮೇಲೆ ಯಾರೋ ಸುತ್ತಿಗೆ, ಅರಗಳಿಂದ ಮಾಡಿದ್ದೋ ಎಂದು ತಿಳಿಯಲು ಬಹುಮಟ್ಟಿಗೆ ಇಷ್ಟು ಸಾಕು.

ಮುಖ್ಯ ಗಾಜು ಚೆನ್ನಾಗಿದೆ. ಅಂಚಿನಲ್ಲಿಯೂ ಅಕ್ಷರಗಳು ಬಾಗುವುದಿಲ್ಲ. ಜೊತೆಗೆ ಕೊಟ್ಟಿರುವ ‘30 ಪಟ್ಟು’ ಎಂಬ ಇನ್ನೊಂದು ಗಾಜಿನ ಮೇಲಿನ ಬರಹ ಮಾತ್ರ ಶುದ್ಧ ಸುಳ್ಳು. ಅಷ್ಟು ಶಕ್ತಿಯ ಗಾಜಿಗೆ ನಾಣ್ಯವನ್ನು ಒಂದು ಸೆಂಟಿಮೀಟರಿಗಿಂತ ಹತ್ತಿರ ಹಿಡಿಯಬೇಕಾಗುತ್ತದೆ. ಇದರಲ್ಲಿ ಎರಡೂವರೆ ಸೆಂಟಿಮೀಟರ್ ದೂರದಲ್ಲೇ ಚಿತ್ರ ಸ್ಪಷ್ಟವಾಗುತ್ತದೆ, ಅಂದರೆ ಇದೂ ಹತ್ತು ಪಟ್ಟಿನದೇ.

ಗಾಜಿನ ನಿಜವಾದ ಉಪಯೋಗ ತಿಳಿಯುವುದು ಸಂಗ್ರಾಹಕರು ‘ಲಖಿ’ ಎನ್ನುವ ನಾಣ್ಯಗಳಲ್ಲಿ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದಾಗ, ಅಚ್ಚೊತ್ತಲೆಂದು ಕತ್ತರಿಸಿದ ಮುಂದಿನ ಲೋಹದ ಬಿಲ್ಲೆಯ ಒಂದು ಮುಖದಲ್ಲಿ ಅದರ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಮೂಡುತ್ತದೆ. ಇನ್ನೊಂದು ಮುಖ ಎಂದಿನಂತೆ ಉಬ್ಬಾಗಿಯೇ ಇರುತ್ತದೆ. ಎರಡು ನಾಣ್ಯಗಳನ್ನು ವೈಸಿನಲ್ಲಿ ಬಿಗಿದು ಒತ್ತಿ ತಯಾರಿಸಿದ ನಕಲಿಯಲ್ಲಿ ತಗ್ಗು ಚಿತ್ರದಡಿ ಮೂಲ ಚಿತ್ರದ ಅವಶೇಷ ಉಳಿದಿರುತ್ತದೆ, ಹಿಂಬದಿ ಚಪ್ಪಟೆಯಾಗಿರುತ್ತದೆ. ಅಂಚು ಕಚ್ಚಿಹೋದಂತಿರುವ ನಾಣ್ಯದಲ್ಲಿ ನಾನು ಮೊದಲು ನೋಡುವುದು ಕಚ್ಚಿನ ನೇರ ಎದುರು ಬದಿಯನ್ನು. ಬಿಲ್ಲೆ ಕತ್ತರಿಸುವಾಗಲೇ ಆದ ಕಚ್ಚಾದರೆ ಸಾಮಾನ್ಯವಾಗಿ ಅಲ್ಲಿಯ ಉಬ್ಬಿದ ಅಂಚು ಮಂಕಾಗಿರುತ್ತದೆ; ಅರದಿಂದ ಉಜ್ಜಿದ್ದಾದರೆ ಅದು ಪೂರ್ತಿಯಾಗಿ ಎದ್ದು ನಿಂತಿರುತ್ತದೆ.

ತಕ್ಕಡಿಯ ಕೆಲಸ ಸರಳ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು; ಸವೆತಕ್ಕೆ ಸ್ವಲ್ಪ ಬಿಟ್ಟರೂ, ಕಳಪೆ ಲೋಹದ ಎರಕದ ನಕಲಿಗಳು ಹೆಚ್ಚಾಗಿ ಇಲ್ಲಿಯೇ ಸಿಕ್ಕಿಬೀಳುತ್ತವೆ. ಆದರೆ ಅಪರೂಪವಾದ 1939ರ ಆರನೇ ಜಾರ್ಜ್ ರೂಪಾಯಿಯೆಂದು, 1938ರ ಕೊನೆಯ ಅಂಕಿಯನ್ನು ತಿದ್ದಿ ಮಾರುವವರಿದ್ದಾರೆ. ಅದು ಬೆಳ್ಳಿಯೂ ಹೌದು, ತೂಕವೂ ಸರಿ. ಅಲ್ಲಿ ಮತ್ತೆ ಗಾಜೇ ಗತಿ: 9ರ ಸುತ್ತ ಕೆರೆದ ಗುರುತು, ಅಂಕಿಯ ಹಿನ್ನೆಲೆಯ ಸಮತಟ್ಟು ಭಾಗದ ಏರುಪೇರು ಓರೆ ಬೆಳಕಿನಲ್ಲಿ ಕಾಣುತ್ತವೆ.

ಎರಡೂ ಕೈಕೊಡುವ ಸಂದರ್ಭಗಳೂ ಇವೆ. ಟಿಪ್ಪುವಿನ ಕಾಲದ ಆನೆಯ ತಾಮ್ರದ ಕಾಸುಗಳಲ್ಲಿ ಚಿತ್ರದ ಒಂದಿಷ್ಟು ಭಾಗ ಬಿಲ್ಲೆಯಿಂದ ಹೊರಗುಳಿದಿರುವುದು ಕೈಯಿಂದ ಬಡಿದು ಅಚ್ಚೊತ್ತುತ್ತಿದ್ದ ಪದ್ಧತಿಯಲ್ಲಿ ಸಹಜ. ಅದನ್ನು ‘ಎರರ್’, ಅಂದರೆ ಟಂಕಸಾಲೆಯ ತಪ್ಪಿನಿಂದಾದ ನಾಣ್ಯ, ಎಂದು ಹೆಚ್ಚು ಬೆಲೆಗೆ ಮಾರುವುದು ವ್ಯಾಪಾರದ ಚಾಲಾಕಿಯಷ್ಟೇ. ರಾಮನ ದರ್ಬಾರಿನ ಚಿತ್ರವಿರುವ, ಈಸ್ಟ್ ಇಂಡಿಯಾ ಕಂಪನಿಯದೆಂದು ಹೇಳಲಾಗುವ 1818ರ ಅರ್ಧ ಆಣೆಯಂತೂ ಕಂಪನಿ ಹೊರಡಿಸಿಯೇ ಇಲ್ಲದ ನಾಣ್ಯ. ಅದನ್ನು ಎಷ್ಟು ಹಿಗ್ಗಿಸಿ ನೋಡಿದರೂ ಪ್ರಯೋಜನವಿಲ್ಲ, ಕ್ಯಾಟಲಾಗ್ ತೆರೆಯಬೇಕು.

ತಕ್ಕಡಿಯನ್ನು ಸರಿಹೊಂದಿಸುವ ತೂಕದ ಬಟ್ಟನ್ನು ಕಿಟ್‌ನಲ್ಲಿ ಕೊಡದಿರುವುದು ದೊಡ್ಡ ಕೊರತೆ. ಆ ನಿರುಪಯುಕ್ತ ಎರಡನೇ ಗಾಜಿನ ಬದಲು ಅದನ್ನು ಇಟ್ಟಿದ್ದರೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೆ, ಸದ್ಯಕ್ಕೆ ಮೂರು.