ಲೂಸ್ ಡಾಗ್ ಫುಡ್ ತರುವವರು ದಯವಿಟ್ಟು ಇದನ್ನು ಓದಿ

ಮಳೆಗಾಲದಲ್ಲಿ ಅಂಗಡಿಯ ತೆರೆದ ಚೀಲದಿಂದ ಕಿಲೋ ಲೆಕ್ಕದಲ್ಲಿ ನಾಯಿ ಆಹಾರ ತೂಗಿಸಿ ತರುವವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ಮೋತಿ ಸಾವಿನ ಬಾಗಿಲಿಗೆ ಹೋಗಿ ಬಂದ. ಆ ಆಹಾರವನ್ನು ದಿನಾ ಎರಡು ಹೊತ್ತು ಅವನ ಬಟ್ಟಲಿಗೆ ಹಾಕಿದವನು ನಾನೇ. ಅವನು ಒಲ್ಲೆ ಅಂದರೂ ತಿನ್ನಿಸಿದೆ.

ಮೋತಿ ಜಾತಿ ನಾಯಿ ಅಲ್ಲ. ಮೂರು ವರ್ಷದ ಹಿಂದೆ ಧಾರವಾಡದ ನಮ್ಮ ಓಣಿಯಲ್ಲಿ ಗಟಾರದ ಪಕ್ಕ ಸಿಕ್ಕ ಮರಿ. ಈಗ 18 ಕಿಲೋ. ಮೊದಲಿನಿಂದಲೂ ಒಂದೇ ಕಂಪನಿಯ ಪ್ಯಾಕೆಟ್ ಕಾಳು ತಿನ್ನುತ್ತಿದ್ದ, ದಿನಕ್ಕೆ ಸುಮಾರು 250 ಗ್ರಾಂ, ಜೊತೆಗೆ ಅವ್ವ ಹಾಕುವ ನಾಲ್ಕು ತುತ್ತು ಮೊಸರನ್ನ. ನಾನು ಕೆಲಸಕ್ಕೆ ದಿನಾ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಜುಲೈನಲ್ಲಿ ಒಂದು ದಿನ ದಾರಿಯ ಅಂಗಡಿಯೊಂದರಲ್ಲಿ ಅದೇ ಕಂಪನಿಯ 20 ಕಿಲೋ ಚೀಲ ಬಾಯಿ ಬಿಚ್ಚಿ ಇಟ್ಟದ್ದು ಕಂಡಿತು. ಪ್ಯಾಕೆಟ್ ಲೆಕ್ಕದಲ್ಲಿ ಕಿಲೋಗೆ 210 ರೂಪಾಯಿ ಬೀಳುವುದು ಇಲ್ಲಿ 140. "ಒಳಗಿನ ಮಾಲು ಅದೇ ಸರ, ಸುಮ್ನೆ ಪ್ಯಾಕೆಟ್ಟಿಗೆ ಯಾಕ ರೊಕ್ಕ ಕೊಡ್ತೀರಿ" ಅಂದರು. ನನಗೂ ಸರಿ ಅನಿಸಿತು. ಅಕ್ಕಿ, ಬೇಳೆ, ಜೋಳ ಎಲ್ಲಾ ನಾವು ಚೀಲದಿಂದ ತೂಗಿಸಿಯೇ ತರುತ್ತೇವೆ ಅಲ್ವಾ? 5 ಕಿಲೋ ತಂದೆ. ಅದನ್ನು ಮೋತಿ ಏನೂ ತಕರಾರಿಲ್ಲದೆ ತಿಂದ.

ಆಗಸ್ಟ್ ಮೊದಲ ವಾರ ಎರಡನೇ ಸಲ ತಂದೆ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತು, ಒಣ ಹಾಕಿದ ಬಟ್ಟೆ ಮೂರು ದಿನವಾದರೂ ಆರುವುದಿಲ್ಲ. ಆ ಚೀಲ ಅಂಗಡಿ ಬಾಗಿಲಲ್ಲೇ, ರಸ್ತೆಯ ಹಸಿ ಗಾಳಿಗೆ ಬಾಯಿ ತೆರೆದು ನಿಂತಿತ್ತು. ಹುಡುಗನೊಬ್ಬ ಹೊಸ ಚೀಲ ಬಿಚ್ಚಿ ಹಳೆಯದರ ತಳದಲ್ಲಿ ಉಳಿದ ಪುಡಿಯ ಮೇಲೆಯೇ ಸುರಿಯುತ್ತಿದ್ದ. ಇದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ಏನೂ ಅನಿಸಲಿಲ್ಲ.

ಮನೆಗೆ ತಂದು ಬಟ್ಟಲಿಗೆ ಹಾಕಿದೆ. ಮೋತಿ ಮೂಸಿ ನೋಡಿ ದೂರ ಹೋಗಿ ಕುಳಿತ. ಮರುದಿನವೂ ಅಷ್ಟೇ. ಸೊಕ್ಕು ಬಂದಿದೆ ಅಂದುಕೊಂಡೆ. ಹಾಲು ಹಾಕಿ ಕಲಸಿಟ್ಟರೆ ಹಾಲು ನೆಕ್ಕಿ ಕಾಳು ಬಿಟ್ಟ. ಅವ್ವ ಅಂದಳು, "ಅದು ಒಲ್ಲೆ ಅನ್ನಾಕತ್ತೈತಿ, ನೀ ಯಾಕ ಬಲವಂತ ಮಾಡ್ತಿ." ನಾನು ಕೇಳಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಎರಡು ದಿನ ಬಿಟ್ಟರೆ ರೂಢಿ ಆಗುತ್ತದೆ ಅಂದರು. ಆಹಾರ ಬದಲಿಸಿದಾಗ ನಾಯಿ ಒಂದೆರಡು ದಿನ ತಿನ್ನದೇ ಇರುವುದು ಇದೆ, ಅದಕ್ಕೇ ವಾರವಿಡೀ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಹೊಸದು ಬೆರೆಸಿ ರೂಢಿ ಮಾಡಿಸುತ್ತಾರೆ. ಆದರೆ ನಾನು ಬದಲಿಸಿರಲಿಲ್ಲವಲ್ಲ! ಅಲ್ಲಿವರೆಗೆ ಖುಷಿಯಿಂದ ತಿಂದ ಅದೇ ಕಾಳನ್ನು ಇದ್ದಕ್ಕಿದ್ದಂತೆ ಯಾಕೆ ಒಲ್ಲೆ ಅನ್ನುತ್ತಾನೆ ಅಂತ ಒಂದು ನಿಮಿಷ ಯೋಚಿಸಲಿಲ್ಲ. ಭಾನುವಾರ ಕೋಳಿ ಸಾರಿನ ನೀರು ಹಾಕಿ ಕಲಸಿಟ್ಟೆ. ತಿಂದ. ಆಮೇಲೆ ದಿನಾ ಹಾಗೆಯೇ ಮಾಡಿದೆ.

ಹತ್ತು ದಿನದ ಮೇಲೆ ಮೋತಿ ಮಂಕಾದ. ಗಾಡಿ ಸದ್ದಿಗೆ ಗೇಟಿಗೆ ಓಡಿ ಬರುವವನು ಮಲಗಿದಲ್ಲೇ ಬಾಲ ಅಲ್ಲಾಡಿಸಿದ. ಎರಡು ಸಲ ವಾಂತಿ. ಹುಲ್ಲು ತಿಂದಿರಬೇಕು ಅಂದುಕೊಂಡೆವು. ಮಾರನೇ ದಿನ ಬೆಳಿಗ್ಗೆ ಹಿತ್ತಲ ಪರಸಿ ಕಲ್ಲಿನ ಮೇಲೆ ಅವನ ಉಚ್ಚೆ ನೋಡಿ ಅವ್ವ ನನ್ನನ್ನು ಕೂಗಿ ಕರೆದಳು. ಅರಿಸಿನ ಕಲಸಿದ ನೀರಿನ ಹಾಗಿತ್ತು.

ಡಾಕ್ಟರ್ ತುಟಿ ಎತ್ತಿ ತೋರಿಸಿದರು. ಒಸಡು ಹಳದಿ. ಕಣ್ಣಿನ ಬಿಳಿ ಭಾಗ ಹಳದಿ. ಕಿವಿಯ ಒಳಗೂ ಹಳದಿ. ಕಾಮಣಿ. ಮಳೆಗಾಲದಲ್ಲಿ ನಾಯಿಗೆ ಕಾಮಣಿ ಅಂದರೆ ಮೊದಲು ಉಣ್ಣಿ ಜ್ವರ, ಇಲಿ ಜ್ವರ ನೋಡಬೇಕು ಅಂತ ರಕ್ತ ತೆಗೆದು ಸಲೈನ್ ಹಚ್ಚಿದರು. ಏನು ತಿನ್ನಿಸುತ್ತೀರಿ ಅಂತ ಕೇಳಿದರು. ಕಂಪನಿ ಹೆಸರು ಹೇಳಿ, ಮೊದಲಿನಿಂದ ಅದೇ ಸರ್ ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ತೆರೆದ ಚೀಲದ್ದು ಅನ್ನುವುದು ಹೇಳಬೇಕಾದ ವಿಷಯ ಅಂತ ನನಗೆ ಹೊಳೆಯಲೇ ಇಲ್ಲ.

ರಿಪೋರ್ಟ್‌ನಲ್ಲಿ ಲಿವರ್ ಅಂಕಿಗಳು ಎಲ್ಲೋ ಹೋಗಿದ್ದವು. ಉಣ್ಣಿ ಜ್ವರ ಇರಲಿಲ್ಲ. ಎರಡನೇ ದಿನ ವಾಂತಿಯಲ್ಲಿ ರಕ್ತ ಬಂತು, ಮಲ ಡಾಂಬರಿನಂತೆ ಕಪ್ಪಗಿತ್ತು. ಸಲೈನ್ ಸೂಜಿ ತೆಗೆದ ಜಾಗದಿಂದ ರಕ್ತ ನಿಲ್ಲಲೇ ಇಲ್ಲ, ಇಪ್ಪತ್ತು ನಿಮಿಷ ನಾನು ಹತ್ತಿ ಒತ್ತಿ ಹಿಡಿದು ಕುಳಿತಿದ್ದೆ. ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನು ಮಾಡುವುದು ಲಿವರ್, ಅದು ಕೆಟ್ಟರೆ ಹೀಗಾಗುತ್ತದೆ ಅಂತ ಹೇಳಿ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು. ಇದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಆ ಎರಡೂ ದಿನ, ಹೊಟ್ಟೆಗೆ ಏನಾದರೂ ಹೋಗಲಿ ಅಂತ ನಾನು ಅದೇ ಕಾಳನ್ನು ನೀರಲ್ಲಿ ನೆನೆಸಿ ಕೈಯಿಂದ ತಿನ್ನಿಸುತ್ತಿದ್ದೆ.

ಆ ಸಂಜೆ ಹಾನಗಲ್‌ನಿಂದ ನಮ್ಮ ಕಾಕಾ ಬಂದರು. ನಮ್ಮ ಹಾವೇರಿ ಕಡೆ ಎಲ್ಲಿ ನೋಡಿದರೂ ಗೋವಿನಜೋಳವೇ, ಕಾಕಾನ ಹೊಲದಲ್ಲೂ ಅದೇ. ನಾನು ಕಾಳು ನೆನೆಸುವುದನ್ನು ನೋಡಿ ಡಬ್ಬಿ ಇಸಿದುಕೊಂಡು ಮೂಸಿದರು. "ತಮ್ಮಾ, ಇದು ಮುಗ್ಗ ಹಿಡದೈತಿ. ಇಂಥಾ ಗೋವಿನಜೋಳ ನಾವು ಎಮ್ಮಿಗೂ ಹಾಕಂಗಿಲ್ಲ." ಆಗ ನಾನೂ ಮೂಸಿದೆ. ಮೇಲೆ ಹಳೆ ಎಣ್ಣೆಯ ಕಮಟು ವಾಸನೆ, ಅದರ ಕೆಳಗೆ ಮುಗ್ಗಲು ವಾಸನೆ. ತಳದ ಪುಡಿ ಅಲ್ಲಲ್ಲಿ ಗಂಟು ಕಟ್ಟಿತ್ತು. ಮೋತಿ ಮೊದಲ ದಿನವೇ ಮೂಸಿ ಹೇಳಿದ್ದು ಇದನ್ನೇ.

ಮರುದಿನ ಡಬ್ಬಿ ಸಮೇತ ಹೋದೆ. ಡಾಕ್ಟರ್ ಒಂದು ಕಾಳು ಮುರಿದು ಮೂಸಿ, ಇದನ್ನು ಈ ಕ್ಷಣದಿಂದ ನಿಲ್ಲಿಸಿ ಅಂದರು. ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್ ಅನ್ನುತ್ತಾರೆ, ಅದರ ಗುಮಾನಿ ಜಾಸ್ತಿ ಇದೆ, ಲ್ಯಾಬ್ ಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳಲಾರೆ, ಆದರೆ ಕಾಯುವ ಹೊತ್ತಲ್ಲ ಇದು ಅಂದರು. ಔಷಧಿ ಬದಲಾಯಿತು. ಐದನೇ ದಿನ ಮೋತಿ ಅವ್ವ ಕೊಟ್ಟ ಮೆತ್ತಗಿನ ಅನ್ನ ತಾನಾಗಿಯೇ ತಿಂದ. ಲಿವರ್ ಮಾತ್ರೆ ಮೂರು ತಿಂಗಳು ನಡೆಯಿತು. ಒಟ್ಟು ಹನ್ನೊಂದು ಸಾವಿರ ಖರ್ಚಾಯಿತು.

ಆಮೇಲೆ ಡಾಕ್ಟರನ್ನು ಕೇಳಿ, ನಾನೂ ಓದಿ ತಿಳಿದುಕೊಂಡದ್ದು ಇದು. ಗೋವಿನಜೋಳ, ಶೇಂಗಾ ಇಂಥವುಗಳ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಈ ವಿಷ ಮಾಡುತ್ತದೆ. ನಾಯಿ ಕಾಳಿನಲ್ಲಿ ಗೋವಿನಜೋಳ ಇರುವುದು ಸಾಮಾನ್ಯ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು, ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ನಾಯಿ ಆಹಾರದಲ್ಲಿ ಕಿಲೋಗೆ 20 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ, ಅಂದರೆ 50 ಟನ್‌ನಲ್ಲಿ ಒಂದೇ ಒಂದು ಗ್ರಾಂ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಾಗ, ಅದೇ ಮನೆಗಳ ನಾಯಿಗಳಿಗೂ ಕಾಮಣಿ ಆಗಿತ್ತು. ನಾವು ಒಂದು ಹೊತ್ತು ರೊಟ್ಟಿ, ಇನ್ನೊಂದು ಹೊತ್ತು ಅನ್ನ ತಿನ್ನುತ್ತೇವೆ. ನಾಯಿಗೆ ಎರಡೂ ಹೊತ್ತು, ತಿಂಗಳೆಲ್ಲ ಅದೇ ಚೀಲ. ಚೀಲ ಕೆಟ್ಟಿದ್ದರೆ ಪ್ರತಿ ತುತ್ತೂ ಕೆಟ್ಟದ್ದೇ.

ಅಕ್ಕಿ ಬೇಳೆಯ ಲೆಕ್ಕ ಇದಕ್ಕೆ ಬರುವುದಿಲ್ಲ ಅನ್ನುವುದೂ ಆಗಲೇ ಗೊತ್ತಾಯಿತು. ಈ ಕಾಳಿಗೆ ರುಚಿಗಾಗಿ ಮೇಲಿಂದ ಕೊಬ್ಬು ಸವರಿರುತ್ತಾರೆ. ಚೀಲ ಬಿಚ್ಚಿದ ದಿನದಿಂದ ಅದು ಗಾಳಿಗೆ ಕಮಟಲು ಶುರುವಾಗುತ್ತದೆ, ಹಸಿ ಹವೆಯಲ್ಲಿ ಕಾಳು ನೀರು ಎಳೆದುಕೊಳ್ಳುತ್ತದೆ.

ಉಳಿದ ಕಾಳು ಹಿಡಿದು ಅಂಗಡಿಗೂ ಹೋದೆ. "ನೂರು ಮಂದಿ ಒಯ್ತಾರ ಸರ, ಯಾರೂ ಏನೂ ಅಂದಿಲ್ಲ" ಅಂದರು. ನನ್ನ ಹತ್ತಿರ ಬಿಲ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಯಾವ ತಾರೀಖಿನ ಚೀಲ ಅಂತ ಗೊತ್ತಿಲ್ಲ. 2020ರ ಕೊನೆಗೆ ಅಮೆರಿಕದಲ್ಲಿ ಇದೇ ವಿಷದಿಂದ ನಾಯಿಗಳು ಸತ್ತಾಗ, ಕೆಲವೇ ವಾರಗಳಲ್ಲಿ ಸತ್ತ ಪ್ರಾಣಿಗಳ ಲೆಕ್ಕ 70 ದಾಟಿತ್ತು, ಅಲ್ಲಿನ ಜನ ಚೀಲದ ಮೇಲಿನ ನಂಬರ್ ನೋಡಿ ತಮ್ಮ ಮನೆಯದು ಅದೇನಾ ಅಂತ ತಿಳಿದುಕೊಳ್ಳಬಹುದಿತ್ತು. ತೂಗಿಸಿ ತಂದ ನನಗೆ ಆ ದಾರಿ ಇರಲಿಲ್ಲ. ಪ್ಯಾಕೆಟ್ ಮೇಲೆ ತಯಾರಿಸಿದವರ ಹೆಸರು, ತಿಂಗಳು, ತೂಕ, ಬೆಲೆ, ದೂರು ಕೊಡುವ ನಂಬರ್ ಇರಲೇಬೇಕು ಅಂತ ನಮ್ಮ ದೇಶದಲ್ಲೂ 2011ರ ಪ್ಯಾಕೆಟ್ ನಿಯಮ ಇದೆ. ಕಿಲೋಗೆ 70 ರೂಪಾಯಿ ಉಳಿಸಲು ನಾನು ಬಿಟ್ಟುಕೊಟ್ಟದ್ದು ಇದೆಲ್ಲವನ್ನು.

ಈಗ ನಾನು ಸೀಲ್ ಇರುವ 3 ಕಿಲೋ ಪ್ಯಾಕೆಟ್ ಮಾತ್ರ ತರುತ್ತೇನೆ. ಎರಡು ವಾರದೊಳಗೆ ಮುಗಿಯುತ್ತದೆ. ದೊಡ್ಡ ಚೀಲ ಕಿಲೋಗೆ ಸೋವಿ ಬೀಳುತ್ತದೆ, ಆದರೆ ಒಂದೇ ನಾಯಿ ಇರುವ ಮನೆಯಲ್ಲಿ ಅದು ಎರಡು ತಿಂಗಳು ತೆರೆದಿರುತ್ತದೆ. ಪ್ಯಾಕೆಟ್‌ನಿಂದ ಸುರಿಯದೆ, ಪ್ಯಾಕೆಟ್ ಸಮೇತ ಬಾಯಿ ಮಡಚಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಹಸಿ ಕೈ ಹಾಕಬೇಡಿ. ಹಳೆಯದರ ಮೇಲೆ ಹೊಸದು ಸುರಿಯಲೇಬೇಡಿ. ಲೂಸ್ ಬೇಡ ಅಂದರೆ ಮನೆ ಊಟವೇ ಹಾಕಿದರಾಯಿತು ಅಂತ ಕೆಲವರು ಹೇಳಿದರು. ಬರೀ ಅನ್ನ ರೊಟ್ಟಿಯಿಂದ ನಾಯಿಗೆ ಬೇಕಾದದ್ದು ಸಿಗುವುದಿಲ್ಲ, ಮೇಲಾಗಿ ನಮ್ಮ ಪಲ್ಯ, ಸಾರು, ಜುಣಕ ಯಾವುದೂ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದೆ ಆಗುವುದಿಲ್ಲ, ಅವೆರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮನೆ ಊಟವೇ ಹಾಕುವುದಾದರೆ ಡಾಕ್ಟರನ್ನು ಕೇಳಿ, ಅವರು ಹೇಳಿದ ಅಳತೆಯಲ್ಲಿ ಬೇರೆಯಾಗಿ ಮಾಡಿ ಹಾಕಿ.

ಈ ಮಳೆಗಾಲದಲ್ಲಿ ಲೂಸ್ ಕಾಳು ತಂದಿದ್ದರೆ ಈಗಲೇ ಎದ್ದು ಡಬ್ಬಿ ಮೂಸಿ ನೋಡಿ. ನಾಯಿಯ ತುಟಿ ಎತ್ತಿ ಒಸಡು ನೋಡಿ, ಬೆಳಕಿನಲ್ಲಿ ಕಣ್ಣು ನೋಡಿ. ಹಳದಿ ಕಂಡರೆ ನಾಳೆಗೆ ಬಿಡಬೇಡಿ. ಉಳಿದ ಕಾಳನ್ನು ಬಿಸಾಡದೆ ಒಂದು ಡಬ್ಬಿಯಲ್ಲಿ ಹಾಕಿ ನಾಯಿಯ ಜೊತೆಗೇ ಒಯ್ಯಿರಿ, ಡಾಕ್ಟರ್ ಕೇಳುವ ಮೊದಲೇ ಅದು ತೆರೆದ ಚೀಲದ್ದು ಅಂತ ಹೇಳಿ. ನಾನು ಮೊದಲ ದಿನವೇ ಹಾಗೆ ಹೇಳಿದ್ದರೆ ಮೋತಿಗೆ ಆ ಎರಡು ದಿನ ತಪ್ಪುತ್ತಿದ್ದವು.