ಡನ್‌ಸ್ಟನ್ ಚೆಸ್ಟ್‌ನಟ್ ಸಸಿ: ಕೊಂಡರೆ ಎರಡು ಕೊಳ್ಳಿ

ಅಮೆರಿಕದ ಪೂರ್ವ ರಾಜ್ಯಗಳಲ್ಲಿ ದೊಡ್ಡ ಹಿತ್ತಲಿರುವ ಕನ್ನಡಿಗರು ಧೈರ್ಯವಾಗಿ ಕೊಳ್ಳಬಹುದಾದ ಸಸಿ ಇದು. ಚೆಸ್ಟ್‌ನಟ್ ಎಂದರೆ ಮುಳ್ಳುಸಿಪ್ಪೆಯೊಳಗೆ ತಿನ್ನುವ ಬೀಜ ಬಿಡುವ ಮರ. ಅಮೆರಿಕನ್, ಚೀನೀ ಚೆಸ್ಟ್‌ನಟ್‌ಗಳ ಈ ಮಿಶ್ರತಳಿ, 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡು ಕಾಡುಗಳನ್ನೇ ಬರಿದು ಮಾಡಿದ ತೊಗಟೆ ಶಿಲೀಂಧ್ರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬೇರುಕೊಳೆಯದು ಮಾತ್ರ ಬೇರೆ ಮಾತು: ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಎಂಥ ಸಸಿಯೂ ಉಳಿಯದು. ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನಿಂತಿದ್ದರೆ ಜಾಗ ಬದಲಿಸಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5 ಇರಲಿ, ಸುಣ್ಣ ಬೇಡವೇ ಬೇಡ.

ಒಂಟಿ ಮರದಲ್ಲಿ ಮುಳ್ಳುಕಾಯಿ ಬಿಟ್ಟರೂ ಒಳಗೆ ಬರೀ ಜೊಳ್ಳು. ಪರಾಗಕ್ಕೆ 100 ಅಡಿಯೊಳಗೆ ಇನ್ನೊಂದು ಚೆಸ್ಟ್‌ನಟ್ ಮರ ಬೇಕು. ಜಿಂಕೆ ಕಾಟವಿದ್ದರೆ ಸಸಿಯ ಸುತ್ತ ನಿಲ್ಲಿಸುವ 5 ಅಡಿಯ ರಕ್ಷಣಾ ಕೊಳವೆಯನ್ನೂ ಜೊತೆಗೇ ತನ್ನಿ.

ಕೊರತೆ ಒಂದೇ: ಮಾರುವುದು ಬಹುಪಾಲು ಬೀಜದ ಸಸಿ, ಕಸಿಯಲ್ಲ. ಹಾಗಾಗಿ ಕಾಯಿಯ ಗಾತ್ರ ಮರದಿಂದ ಮರಕ್ಕೆ ಬದಲಾಗುತ್ತದೆ.