ಕಲಬುರಗಿ ವಿಮಾನ ನಿಲ್ದಾಣ: ರನ್‌ವೇಗೆ ಪೂರ್ತಿ ಅಂಕ, ಸುತ್ತಲಿನ ವ್ಯವಸ್ಥೆಗೆ ಅಷ್ಟಿಲ್ಲ

ಸಣ್ಣ ವಿಮಾನಕ್ಕೆ ಇಷ್ಟುದ್ದ ರನ್‌ವೇ ಯಾಕೆ ಅಂತ ಕಲಬುರಗಿಯಲ್ಲಿ ಕೇಳುವವರು ಈಗಲೂ ಇದ್ದಾರೆ. ಶ್ರೀನಿವಾಸ ಸರಡಗಿ ಬಳಿಯ ಈ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ರನ್‌ವೇ 3,175 ಮೀಟರ್ ಉದ್ದ, 45 ಮೀಟರ್ ಅಗಲ. ಇದರಲ್ಲಿ ಒಂದು ಮೀಟರ್ ಕೂಡ ದಂಡವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ನಮ್ಮ ಬಿಸಿಲು.

ಬಿಸಿ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಶಕ್ತಿ ಕಡಿಮೆ. ಹೀಗಾಗಿ ವಿಮಾನ ಹೆಚ್ಚು ದೂರ ಓಡಬೇಕು. ರನ್‌ವೇ ವಿನ್ಯಾಸದ ಸಾಮಾನ್ಯ ಲೆಕ್ಕ ಹೀಗಿದೆ: ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಉದ್ದ ಶೇ 7 ಹೆಚ್ಚಬೇಕು, ಆ ಎತ್ತರದ ಪ್ರಮಾಣಿತ ತಾಪಮಾನಕ್ಕಿಂತ (ಇದು ಲೆಕ್ಕಕ್ಕೆ ಹಿಡಿಯುವ ಮಾದರಿ ತಾಪಮಾನ, ಊರಿನ ನಿಜ ಹವೆಯಲ್ಲ) ಏರಿದ ಪ್ರತಿ ಡಿಗ್ರಿಗೆ ಶೇ 1 ಹೆಚ್ಚಬೇಕು. ಕಲಬುರಗಿ ಸುಮಾರು 460 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಪ್ರಮಾಣಿತ ತಾಪಮಾನ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಎಂದು ಹಿಡಿದರೂ ಎತ್ತರಕ್ಕೆ ಶೇ 11ರಷ್ಟು, ಬಿಸಿಲಿಗೆ ಶೇ 28. ಎರಡನ್ನೂ ಕಳೆದರೆ ನಮ್ಮ 3,175 ಮೀಟರ್, ಸಮುದ್ರಮಟ್ಟದ 15 ಡಿಗ್ರಿ ಹವೆಯ ಸುಮಾರು 2,200 ಮೀಟರಿಗೆ ಸಮ. ತುಂಬಿದ ಏರ್‌ಬಸ್ 320ಕ್ಕೆ ಸಮುದ್ರಮಟ್ಟದಲ್ಲೇ ಹತ್ತಿರಹತ್ತಿರ 2,100 ಮೀಟರ್ ಬೇಕು. ಅಂದರೆ ಉದ್ದ ಸರಿಯಾಗಿಯೇ ಇದೆ, ಜಾಸ್ತಿ ಏನಿಲ್ಲ. ಐವತ್ತು ಸೀಟಿನ ಎಂಬ್ರೇಯರ್ 145 ಜೆಟ್‌ಗೆ, ಪ್ರೊಪೆಲ್ಲರ್ ವಿಮಾನ ಎಟಿಆರ್ 72ಕ್ಕೆ ಮಾತ್ರ ಇದು ಧಾರಾಳ.

ಉದ್ದದಷ್ಟೇ ಮುಖ್ಯವಾದದ್ದು ಕೆಳಗಿನ ನೆಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಇದರಿಂದ ಡಾಂಬರಿನ ಅಂಚು ಮೊದಲು ಸೀಳುತ್ತದೆ. ಸೀಳಿನೊಳಗೆ ನೀರು ಇಳಿದರೆ ಕೆಳಪದರ ಮೆತ್ತಗಾಗುತ್ತದೆ, ಆಮೇಲೆ ಮೇಲ್ಪದರದ ಕಲ್ಲು ಕೀಳುತ್ತದೆ. ಕಿತ್ತ ಒಂದು ಕಲ್ಲು ಜೆಟ್ ಎಂಜಿನ್ನಿನ ಬ್ಲೇಡು ಮುರಿಯಲು ಸಾಕು. ಆದ್ದರಿಂದ ಮುಂಗಾರಿಗೆ ಮೊದಲು ಬಿರುಕು ತುಂಬುವುದು, ಪಕ್ಕದ ಗಟಾರದ ಹೂಳು ತೆಗೆಯುವುದು ಇಲ್ಲಿ ಬೇರೆಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸ. ರನ್‌ವೇ ಆಚೀಚಿನ ಸಮತಟ್ಟು ಪಟ್ಟಿಯೂ ಗಟ್ಟಿ ಇರಬೇಕು. ಜಾರಿದ ವಿಮಾನದ ಚಕ್ರ ಎರೆಯಲ್ಲಿ ಹೂತರೆ ಲ್ಯಾಂಡಿಂಗ್ ಗೇರ್ ಮುರಿಯುತ್ತದೆ.

ರನ್‌ವೇ ದಿಕ್ಕು ಪೂರ್ವ-ಪಶ್ಚಿಮ, ತುದಿಗಳ ಸಂಖ್ಯೆ 09 (ಮೂಡಣಕ್ಕೆ ಮುಖ) ಮತ್ತು 27 (ಪಡುವಣಕ್ಕೆ ಮುಖ). ವಿಮಾನ ಏರುವುದು, ಇಳಿಯುವುದು ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಪಡುವಣ ಗಾಳಿ, ಆಗ 27. ಚಳಿಗಾಲದ ಮೂಡಣ ಗಾಳಿಗೆ 09. ಅಡ್ಡಗಾಳಿಯ ಕಾಟ ಕಡಿಮೆ ಆಗುವಂತೆ ದಿಕ್ಕು ಆರಿಸಿದ್ದಾರೆ, ಅದಕ್ಕೂ ಒಳ್ಳೆಯ ಅಂಕ.

ಇನ್ನು ಹಕ್ಕಿ. ಸುತ್ತ ತೊಗರಿ, ಜೋಳದ ಹೊಲ. ಮಳೆಯಾದ ಮೇಲೆ ಹುಲ್ಲು, ಹುಲ್ಲಿಗೆ ಹುಳ, ಹುಳಕ್ಕೆ ಬೆಳ್ಳಕ್ಕಿ, ಟಿಟ್ಟಿಭ. ಕಸ ಬಿದ್ದಲ್ಲಿ ಹದ್ದು. ಪಟಾಕಿ ಹೊಡೆದು ಓಡಿಸಿದರೆ ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತವೆ. ಹುಲ್ಲು ಕತ್ತರಿಸುವುದು, ನೀರು ನಿಲ್ಲದಂತೆ ನೋಡುವುದೇ ನಿಜವಾದ ಉಪಾಯ. ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿ, ಪ್ರಾಣಿಗಳನ್ನು ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಸುರಿಯುವುದಕ್ಕೆ ಕಾನೂನಿನ ನಿಷೇಧವಿದೆ. ಇದನ್ನು ಗ್ರಾಮ ಪಂಚಾಯಿತಿಗಳು, ಸೇಡಂ ರಸ್ತೆಯ ಢಾಬಾಗಳು ತಿಳಿದಿರಲೇಬೇಕು.

ಅಗ್ನಿಶಾಮಕ ವ್ಯವಸ್ಥೆ ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ, ಆದರೆ ಹಾರಾಟ ನಿಂತಿರುವುದು ಅದರ ಮೇಲೆ. ವಿಮಾನದ ಉದ್ದ 28ರಿಂದ 39 ಮೀಟರ್ ಒಳಗಿದ್ದರೆ 6ನೇ ದರ್ಜೆ, ಅದಕ್ಕೆ ಕನಿಷ್ಠ ಎರಡು ಫೈರ್ ಟೆಂಡರ್. ರನ್‌ವೇಯ ಯಾವ ತುದಿಗಾದರೂ ಮೂರು ನಿಮಿಷದೊಳಗೆ ಮುಟ್ಟಬೇಕು. ಮೂರು ಕಿಲೋಮೀಟರ್ ದಾಟಿದ ರನ್‌ವೇಯಲ್ಲಿ ಇದು ಸುಲಭದ ಮಾತಲ್ಲ. ಒಂದು ಗಾಡಿ ಕೆಟ್ಟರೆ ದರ್ಜೆ ಇಳಿಯುತ್ತದೆ, ಹಾಗಾದಾಗ ದೊಡ್ಡ ವಿಮಾನ ಬರುವಂತಿಲ್ಲ.

ಏಪ್ರನ್ (ವಿಮಾನ ನಿಲ್ಲುವ ಅಂಗಳ) ಮೇಲೆ ನಡೆದೇ ವಿಮಾನ ಹತ್ತಬೇಕು, ಏರೋಬ್ರಿಜ್ ಇಲ್ಲ. ಎಂಬ್ರೇಯರ್ 145 ಮತ್ತು ಎಟಿಆರ್‌ಗೆ ಬಾಗಿಲಲ್ಲೇ ಮೆಟ್ಟಿಲಿದೆ. ಎಟಿಆರ್ ಹತ್ತುವುದು ಹಿಂದಿನ ಬಾಗಿಲಿಂದ, ಮುಂದಿನದು ಸಾಮಾನಿನದು. 145ಕ್ಕಿಂತ ದೊಡ್ಡದಾದ ಎಂಬ್ರೇಯರ್ 175ಕ್ಕೆ ಬೇರೆ ಏಣಿ ತಂದಿಡಬೇಕು. ನಿಂತ ವಿಮಾನಕ್ಕೆ ನೆಲದಿಂದ ಕೊಡುವ ವಿದ್ಯುತ್ತೂ ಬೇರೆ: 145ಕ್ಕೆ 28 ವೋಲ್ಟ್ ಡಿಸಿ, 175ಕ್ಕೆ 115 ವೋಲ್ಟ್, 400 ಹರ್ಟ್ಸ್ ಎಸಿ. ಅದಿಲ್ಲದಿದ್ದರೆ ವಿಮಾನದ ಬಾಲದ ಚಿಕ್ಕ ಎಂಜಿನ್ ಓಡಿಸಿಯೇ ವಿದ್ಯುತ್ ಕೊಡಬೇಕು, ಇಂಧನ ಸುಡುತ್ತದೆ. ಹೊಸ ಮಾದರಿಯ ವಿಮಾನ ಬರುವ ಮೊದಲು ರನ್‌ವೇಯಷ್ಟೇ ಅಲ್ಲ, ಇವೂ ಸಿದ್ಧವಿರಬೇಕು.

ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಕಂಪನಿಗಳಿಗೆ ಸರ್ಕಾರ ಕೊಡುವ ಉಡಾನ್ ಯೋಜನೆಯ ನಷ್ಟ ಭರ್ತಿ ಮೂರು ವರ್ಷಕ್ಕಷ್ಟೇ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಬೆಂಗಳೂರು, ತಿರುಪತಿ, ದಿಲ್ಲಿ ಬಳಿಯ ಹಿಂಡನ್‌ಗೆಲ್ಲ ಇಲ್ಲಿಂದ ವಿಮಾನ ಹಾರಿವೆ. ಯಾವುದು ಯಾವಾಗ ಇದೆ ಎಂಬುದನ್ನು ಟಿಕೆಟ್ ತೆಗೆಯುವ ದಿನವೇ ನೋಡಿಕೊಳ್ಳಿ; ಹುಡುಕುವ ಸಂಕೇತ ಜಿಬಿಐ.

ಹೋಗುವವರಿಗೆ ಇಷ್ಟು: ಎಂಬ್ರೇಯರ್ 145ರಲ್ಲಿ ಸಾಲಿನ ಒಂದು ಕಡೆ ಒಂದೇ ಸೀಟು, ಆ ಬದಿ ತಲೆಮೇಲಿನ ಗೂಡಿಲ್ಲ. ಚಕ್ರದ ಬ್ಯಾಗನ್ನು ಬಾಗಿಲಲ್ಲೇ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಔಷಧ, ಆಸ್ಪತ್ರೆ ಕಾಗದ ಕೈಚೀಲದಲ್ಲಿರಲಿ. ಬೆಂಗಳೂರಿಗೆ ರೋಗಿಯನ್ನು ಕರೆದೊಯ್ಯುವವರು ಗಾಲಿಕುರ್ಚಿ ಬೇಕೆಂದು 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿ. ಮೆಟ್ಟಿಲಿನ ವಿಮಾನಕ್ಕೆ ಕುರ್ಚಿಯನ್ನು ಎತ್ತಿಯೇ ಹತ್ತಿಸಬೇಕಾದೀತು, ಅದಕ್ಕೆ ಆಳು ಹೊಂದಿಸಬೇಕು. ಬೇಸಿಗೆಯಲ್ಲಿ ಬೆಳಗಿನ ವಿಮಾನವಿದ್ದರೆ ಅದನ್ನೇ ಹಿಡಿಯಿರಿ: ಮಧ್ಯಾಹ್ನದ ಬಿಸಿಲಲ್ಲಿ ತೂಕ ಇಳಿಸಬೇಕಾಗಿ ಬಂದರೆ ಸಾಮಾನಿನ ಗೂಡಿಗೆ ಹಾಕಿದ ಬ್ಯಾಗು ಮೊದಲು ಕೆಳಗಿಳಿಯುತ್ತದೆ.